ಗ್ರಹಣದ ದಿನ ಆಕಾಶ ಬಿಟ್ಟು ಪಕ್ಕದ್ಮನೆ ನೋಡೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಟೆಲಿಸ್ಕೋಪ್ ಗೈಡ್ ಅಲ್ಲ. ಮೇಲೆ ಏನಾಗ್ತಿದೆ ಅಂತ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ, ಇದು ಕೆಳಗೆ ಏನಾಗ್ತಿದೆ ಅಂತ ನೋಡೋಕೆ. ಸೂರ್ಯ, ಚಂದ್ರ, ಮಳೆ, ರಾಕೆಟ್ಟು ಇವುಗಳ ಜೊತೆ ಜನ ಹೇಗೆ ಏಗ್ತಾರೆ ಅನ್ನೋದನ್ನ ನಿಮ್ಮ ಬೀದೀಲೇ ಕೂತು ಸ್ಟಡಿ ಮಾಡ್ಬಹುದು, ಅದಕ್ಕೆ ಸೋಷಿಯಾಲಜಿ ಡಿಗ್ರಿ ಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಒಂದು ವಾಚು, ಪಕ್ಕದ್ಮನೆ ಅಡುಗೆಮನೆವರೆಗೂ ಹೋಗೋವಷ್ಟು ಸಲಿಗೆ, ಇಷ್ಟಿದ್ರೆ ಸಾಕು. ಮೂರನೇದು ಇಲ್ಲ ಅಂದ್ರೆ ಮೊದಲೆರಡು ವೇಸ್ಟು.

ನಾನು ಮೊದಲ ಸಲ ಇದನ್ನ ಟ್ರೈ ಮಾಡಿದ್ದು 2019ರ ಡಿಸೆಂಬರ್ 26ರ ಸೂರ್ಯಗ್ರಹಣಕ್ಕೆ. ಮಂಗಳೂರು, ಮಡಿಕೇರಿ ಕಡೆ ಬೆಂಕಿ ಬಳೆ ಥರ ಕಾಣಿಸ್ತಲ್ಲ, ಅದೇ. ನಮ್ಮ ಮೈಸೂರಲ್ಲಿ ಪೂರ್ತಿ ಬಳೆ ಆಗ್ಲಿಲ್ಲ, ನನ್ನ ಸ್ಟಡಿನೂ ಪೂರ್ತಿ ಆಗ್ಲಿಲ್ಲ. ಯಾಕಂದ್ರೆ ನಾನು ಭಾರೀ ಸೀರಿಯಸ್ಸಾಗಿ ಹತ್ತು ಪ್ರಶ್ನೆ ಟೈಪ್ ಮಾಡಿ, ಝೆರಾಕ್ಸ್ ಮಾಡಿಸಿ, ಮನೆಮನೆಗೆ ಹಂಚಿದ್ದೆ. ಮೊದಲನೇ ಪ್ರಶ್ನೆ: "ಗ್ರಹಣದ ಆಚರಣೆಗಳನ್ನು ನೀವು ನಂಬುತ್ತೀರಾ? ಹೌದು / ಇಲ್ಲ." ಎಲ್ರೂ "ಇಲ್ಲ"ಕ್ಕೆ ಟಿಕ್ ಹಾಕಿದ್ರು. ಎದುರುಮನೆ ಆಂಟಿನೂ ಟಿಕ್ ಹಾಕಿ, ಪೆನ್ನು ವಾಪಸ್ ಕೊಟ್ಟು, "ಒಂದ್ನಿಮಿಷ ಇರಪ್ಪ ಬಂದೆ" ಅಂತ ಒಳಗೆ ಹೋಗಿ ಮೊಸರಿನ ಪಾತ್ರೆ ಮೇಲೆ ಎರಡೆಳೆ ದರ್ಭೆ ಇಟ್ಟು ಬಂದ್ರು. ಆಂಟಿ ಇದು ನಂಬಿಕೆ ಅಲ್ವಾ ಅಂದ್ರೆ, "ಇದೇನು ನಂಬಿಕೆ ಅಲ್ಲಪ್ಪ, ಸುಮ್ನೆ ಒಂದು ಹಾಕಿಡೋದು, ಹಾಕಿದ್ರೆ ಏನ್ ಗಂಟು ಹೋಗುತ್ತೆ?"

ಆ ಝೆರಾಕ್ಸ್ ಹಾಳೆಗಳ ಹಿಂದುಗಡೆ ಇವತ್ತಿಗೂ ದಿನಸಿ ಲಿಸ್ಟ್ ಬರೀತಿದೀವಿ. ನಾನು ಕಲಿತದ್ದು ಇಷ್ಟು: "ನಂಬ್ತೀರಾ" ಅಂತ ಕೇಳ್ಬೇಡಿ, "ಏನ್ ಮಾಡಿದ್ರಿ" ಅಂತ ಕೇಳಿ. ನಂಬ್ತೀರಾ ಅಂದ ತಕ್ಷಣ ಜನಕ್ಕೆ ಇವನು ನಮ್ಮನ್ನ ಪರೀಕ್ಷೆ ಮಾಡ್ತಿದಾನೆ ಅನ್ಸುತ್ತೆ, ಓದಿರೋ ಹುಡುಗನ ಮುಂದೆ ಯಾಕೆ ದಡ್ಡರಾಗೋದು ಅಂತ ಇಲ್ಲ ಅಂತಾರೆ, ಅದೇ ಪ್ರಶ್ನೆನ ಪುರೋಹಿತರು ಕೇಳಿದ್ರೆ ಹೌದು ಅಂತಾರೆ. ಎರಡೂ ಸುಳ್ಳಲ್ಲ, ಎರಡರಿಂದ್ಲೂ ನಿಮಗೆ ಏನೂ ಗೊತ್ತಾಗಲ್ಲ ಅಷ್ಟೇ.

ದಿನ ಆರಿಸ್ಕೊಳ್ಳೋದು

ಶುರು ಮಾಡೋಕೆ ಗ್ರಹಣ ಬೆಸ್ಟು, ಯಾಕಂದ್ರೆ ಯಾವತ್ತು ಎಷ್ಟೊತ್ತಿಗೆ ಅಂತ ನಿಮಿಷದ ಲೆಕ್ಕದಲ್ಲಿ ಮೊದ್ಲೇ ಗೊತ್ತಿರುತ್ತೆ. ಪಂಚಾಂಗದಲ್ಲೂ ಇರುತ್ತೆ, ತಾರಾಲಯದವರೂ ಹೇಳ್ತಾರೆ, ಟೈಮ್ ವಿಷಯದಲ್ಲಿ ಇಬ್ಬರದ್ದೂ ಜಗಳ ಇಲ್ಲ (ಇದನ್ನೂ ಬರ್ಕೊಳ್ಳಿ, ಇದೂ ಒಂದು ಡೇಟಾನೇ). ಸ್ಪರ್ಶ (ಹಿಡಿಯೋದು), ಮಧ್ಯ, ಮೋಕ್ಷ (ಬಿಡೋದು) ಮೂರು ಟೈಮೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೀರಿ. ಆಮೇಲೆ ವೇಧೆ, ಅಂದ್ರೆ ಊಟ ತಿಂಡಿ ಬಿಡೋ ಹೊತ್ತು, ಯಾವಾಗ ಶುರು ಅಂತ ಬರೀರಿ: ಚಂದ್ರಗ್ರಹಣಕ್ಕೆ ಮೂರು ಯಾಮ ಅಂದ್ರೆ 9 ಗಂಟೆ ಮುಂಚೆ, ಸೂರ್ಯಗ್ರಹಣಕ್ಕೆ ನಾಲ್ಕು ಯಾಮ ಅಂದ್ರೆ 12 ಗಂಟೆ ಮುಂಚೆ. ನಿಮ್ಮ ನಿಜವಾದ ಗ್ರಹಣ ಶುರುವಾಗೋದು ವೇಧೆಗೆ, ಸ್ಪರ್ಶಕ್ಕಲ್ಲ. ಆಕಾಶದಲ್ಲಿ ಇನ್ನೂ ಏನೂ ಆಗಿರಲ್ಲ, ಅಡುಗೆಮನೇಲಿ ಎಲ್ಲಾ ಆಗಿ ಮುಗ್ದಿರುತ್ತೆ.

ಉದಾಹರಣೆಗೆ 2025ರ ಸೆಪ್ಟೆಂಬರ್ 7, ಭಾನುವಾರ. ರಾತ್ರಿ 9:57ಕ್ಕೆ ಸ್ಪರ್ಶ, 11 ಗಂಟೆಯಿಂದ 12:22ರವರೆಗೆ ಚಂದ್ರ ಪೂರ್ತಿ ಕೆಂಪು, 1:26ಕ್ಕೆ ಮೋಕ್ಷ. ವೇಧೆ ಲೆಕ್ಕ ಹಾಕಿದ್ರೆ ಮಧ್ಯಾಹ್ನ 12:57. ಈಗ ಯೋಚ್ನೆ ಮಾಡಿ, ಭಾನುವಾರ ಮಧ್ಯಾಹ್ನ ಅಂದ್ರೆ ನಮ್ಮ ಬೀದೀಲಿ ಬಾಡೂಟ. ಮಾಮೂಲಿ ಹತ್ತು ಗಂಟೆಗೆ ಎದ್ದು ಕಣ್ಣುಜ್ಕೊಂಡು ಚಿಕನ್ ಅಂಗಡಿಗೆ ಬರೋ ಗಂಡಸರು ಅವತ್ತು ಎಂಟಕ್ಕೇ ಕ್ಯೂ ನಿಂತಿದ್ರು, ಒಂದು ಗಂಟೆ ಒಳಗೆ ಊಟ ಮುಗೀಬೇಕು ಅಂತ ಮನೆಯಿಂದ ಆರ್ಡರ್ ಆಗಿತ್ತು. ರಾತ್ರಿ ಮೂಡೋ ನೆರಳು ಬೆಳಗ್ಗೆನೇ ಕೋಳಿ ಅಂಗಡಿ ಮೇಲೆ ಬಿದ್ದಿತ್ತು. ಇಂಥದ್ದು ಕಣ್ಣಿಗೆ ಬೀಳ್ಬೇಕು ಅಂದ್ರೆ ನೀವು ರಾತ್ರಿ ಟೆರೇಸಿಗೆ ಹೋದ್ರೆ ಸಾಲದು, ಬೆಳಗ್ಗೆ ಹಾಲು ತರೋಕೆ ಹೋದಾಗ್ಲಿಂದ ಶುರು ಮಾಡ್ಬೇಕು.

ಏನು ನೋಡ್ಬೇಕು

ಅಡುಗೆಮನೆಯಿಂದ ಶುರು ಮಾಡಿ. ದರ್ಭೆ, ತುಳಸಿ ಯಾವ ಯಾವ ಪಾತ್ರೆ ಮೇಲೆ ಬಿತ್ತು, ಯಾವುದರ ಮೇಲೆ ಬೀಳಲಿಲ್ಲ. ನಮ್ಮನೇಲಿ ಉಪ್ಪಿನಕಾಯಿ ಜಾಡಿಗೆ, ತುಪ್ಪಕ್ಕೆ, ನೀರಿನ ಸಂಪ್‌ಗೆ ಬಿತ್ತು, ಫ್ರಿಜ್ಜಲ್ಲಿದ್ದ ಐಸ್‌ಕ್ರೀಮ್ ಡಬ್ಬಕ್ಕೆ ಬೀಳಲಿಲ್ಲ, ಯಾಕತ್ತೆ ಅಂದ್ರೆ "ಅದು ಕಂಪನೀದಲ್ವೇನೋ" ಅಂದ್ರು. ಪ್ಯಾಕ್ ಆಗಿರೋದಕ್ಕೆ ಗ್ರಹಣ ತಗಲಲ್ಲ, ಮನೇಲಿ ಕೈಯಾರೆ ಮಾಡಿದ್ದಕ್ಕೆ ಮಾತ್ರ ತಗಲುತ್ತೆ. ಯಾವ ಶಾಸ್ತ್ರದಲ್ಲೂ ಬರೆದಿರೋ ನಿಯಮ ಅಲ್ಲ ಇದು, ನಮ್ಮತ್ತೆ ಫ್ರಿಜ್ಜಿನ ಬಾಗಿಲು ತೆಗೆದಾಗ ಅಲ್ಲೇ ಹುಟ್ಟಿದ್ದು, ಆದ್ರೆ ಅವರು ಅದನ್ನ ಹೇಳಿದ ಗತ್ತು ನೋಡಿದ್ರೆ ಮನು ಕಾಲದಿಂದ ಇದೆ ಅನ್ಬೇಕು. ಸಂಪ್ರದಾಯ ಹಳೇದು ಅಂತ ಸುಮ್ನೆ ಬರೀಬೇಡಿ, ಹೊಸ ವಸ್ತು ಬಂದಾಗ ನಿಯಮ ಹೇಗೆ ಬಾಗುತ್ತೆ ಅಂತ ನೋಡಿ. ಗೀಸರ್, ಮೈಕ್ರೋವೇವ್, ಫುಡ್ ಡೆಲಿವರಿ, ಆರ್‌ಓ ನೀರು, ಇವಕ್ಕೆಲ್ಲಾ ಉತ್ತರ ಹುಡ್ಕಿರ್ತಾರೆ.

ಇನ್ನೊಂದು, ಭಾನುವಾರ ರಾತ್ರಿ ದೋಸೆಹಿಟ್ಟು ರುಬ್ಬೋ ಮನೆಗಳಲ್ಲಿ ಅವತ್ತು ರುಬ್ಬಲಿಲ್ಲ. ರುಬ್ಬಿದ್ರೆ ಅದು ರಾತ್ರಿಯೆಲ್ಲಾ ಗ್ರಹಣದಲ್ಲೇ ಹುದುಗ್ಬೇಕು. ಹಾಗಾಗಿ ಸೋಮವಾರ ಬೀದಿ ತುಂಬಾ ಉಪ್ಪಿಟ್ಟು, ಅವಲಕ್ಕಿ. ಮಕ್ಕಳ ಲಂಚ್‌ಬಾಕ್ಸ್ ತೆಗೆಸಿ ನೋಡಿದ್ರೆ ಹಿಂದಿನ ರಾತ್ರಿ ಗ್ರಹಣ ಆಗಿತ್ತು ಅಂತ ಹೇಳ್ಬಹುದಿತ್ತು. ನಂಬಲ್ಲ ಅಂತ ಟಿಕ್ ಹಾಕಿದ್ದ ಮನೆಗಳೂ ಸೇರಿ.

ಕೆಲಸ ಯಾರದ್ದು ಅಂತ ಮರೀದೆ ಬರೀರಿ. ಗಂಡಸರು ಸೋಫಾ ಮೇಲೆ ಕೂತು ಗ್ರಹಣದ ಬಗ್ಗೆ ಚರ್ಚೆ ಮಾಡ್ತಾರೆ, ನಂಬೋರೂ ಅಲ್ಲೇ, ನಂಬದೇ ಇರೋರೂ ಅಲ್ಲೇ. ಹೆಂಗಸರು ಪಾತ್ರೆ ಖಾಲಿ ಮಾಡಿ, ಅಡುಗೆ ಬೇಗ ಮುಗಿಸಿ, ಮೋಕ್ಷ ಆದ್ಮೇಲೆ ಮನೆ ತೊಳೆದು ಸ್ನಾನ ಮಾಡಿ ಮಲಗ್ತಾರೆ. ರಾತ್ರಿ ಒಂದೂವರೆಗೆ ನಿಜವಾಗ್ಲೂ ಸ್ನಾನ ಮಾಡಿದ್ದು ಯಾರು, ಬೆಳಗ್ಗೆ ಮಾಡಿದ್ರಾಯ್ತು ಬಿಡು ಅಂದಿದ್ದು ಯಾರು ಅಂತ ಮರುದಿನ ಕೇಳಿ. ಅಲ್ಲೂ ನಿಲ್ಲಿಸ್ಬೇಡಿ. ನಮ್ಮ ಬೀದೀಲಿ ಮೂರು ಮನೆ ಕೆಲಸ ಮಾಡೋ ಅಕ್ಕನ್ನ ಕೇಳ್ದೆ, ಅಕ್ಕ ನಿಮ್ಮನೇಲಿ ಗ್ರಹಣ ಹೇಗೆ ಮಾಡ್ತೀರ ಅಂತ. "ನಮ್ಗೆಲ್ಲಿ ಗ್ರಹಣ ಅಣ್ಣ, ನಾಳೆ ಬೆಳಗ್ಗೆ ಆರಕ್ಕೇ ಬಾ ಅಂದವ್ರೆ ಮೂರ್ ಮನೆಯವ್ರೂ, ಮನೆಯೆಲ್ಲಾ ತೊಳೀಬೇಕಂತೆ." ಒಬ್ಬರ ಶುದ್ಧಿ ಇನ್ನೊಬ್ಬರ ಓವರ್‌ಟೈಮು, ದುಡ್ಡು ಮಾತ್ರ ಅಷ್ಟೇ. ನನ್ನ ಇಡೀ ನೋಟ್‌ಬುಕ್ಕಲ್ಲಿ ಇದಕ್ಕಿಂತ ಒಳ್ಳೇ ಸಾಲು ಇಲ್ಲ.

ಬಸುರಿ ಹೆಂಗಸರ ವಿಷಯದಲ್ಲಿ ಹುಷಾರು. ತರಕಾರಿ ಹೆಚ್ಬೇಡ, ಹೊರಗೆ ಬರ್ಬೇಡ, ಸೂಜಿ ಹಿಡೀಬೇಡ ಅಂತ ಅತ್ತೆ, ಅಮ್ಮ ಇಬ್ರೂ ಹೇಳಿರ್ತಾರೆ, ಅವರ ಹತ್ರ ಹೋಗಿ "ನೀವು ಇಂಜಿನಿಯರ್ ಆಗಿ ಇದನ್ನ ಒಪ್ತೀರಾ" ಅಂತ ಕೇಳೋದು ಸ್ಟಡಿ ಅಲ್ಲ, ಅಧಿಕಪ್ರಸಂಗ. ಅವರಾಗಿ ಹೇಳಿದ್ರೆ ಕೇಳಿ. ಒಬ್ರು ನಂಗೆ ಹೇಳಿದ್ದು: ನನಗೇನೂ ಭಯ ಇಲ್ಲ, ಆದ್ರೆ ನಾಳೆ ಮಗೂಗೆ ಏನೋ ಒಂದು ಆದ್ರೆ ಜೀವನ ಪೂರ್ತಿ "ಅವತ್ತು ಹೇಳಿದ್ದೆ ಕೇಳಲಿಲ್ಲ" ಅನ್ನೋ ಮಾತು ಕೇಳ್ಬೇಕಲ್ಲ, ಅದಕ್ಕೆ ಭಯ. ಅಂದ್ರೆ ಆ ಹೆಂಗಸು ಹೆದರಿದ್ದು ಚಂದ್ರನಿಗಲ್ಲ.

ಹೊರಗೆ ಬಂದ್ರೆ ಲೆಕ್ಕ ಹಾಕೋದು ಸುಲಭ. ಸ್ಪರ್ಶಕ್ಕೆ ಅರ್ಧ ಗಂಟೆ ಮುಂಚೆ ಒಂದ್ಸಲ, ಮಧ್ಯದಲ್ಲಿ ಒಂದ್ಸಲ ಅದೇ ರೋಡಲ್ಲಿ ನಡೀರಿ, ಎಷ್ಟು ಅಂಗಡಿ ತೆರೆದಿದೆ, ದರ್ಶಿನೀಲಿ ಎಷ್ಟು ಜನ, ದೇವಸ್ಥಾನದ ಬಾಗಿಲಿಗೆ ಏನು ಬೋರ್ಡ್ ಹಾಕಿದಾರೆ. ಒಂದು ವಾರ ಬಿಟ್ಟು ಅದೇ ದಿನ ಅದೇ ಟೈಮಿಗೆ ಮತ್ತೆ ನಡೀರಿ. ಇದನ್ನ ಬಿಟ್ರೆ ಇಡೀ ಲೆಕ್ಕ ಹಾಳು, ಭಾನುವಾರ ರಾತ್ರಿ ಹತ್ತಕ್ಕೆ ರೋಡ್ ಖಾಲಿ ಇರೋದು ಗ್ರಹಣಕ್ಕೋ ಅಥವಾ ನಾಳೆ ಆಫೀಸಿದೆ ಅಂತಲೋ ಅಂತ ಹೇಗೆ ಗೊತ್ತಾಗ್ಬೇಕು? ಒನಕೆದೂ ಇದೇ ಕತೆ. ಗ್ರಹಣ ಹಿಡಿದಾಗ ತಟ್ಟೇಲಿ ನೀರು ಹಾಕಿ ಒನಕೆ ನಿಲ್ಸೋದು, ಬಿಟ್ಟಾಗ ತಾನೇ ಬೀಳುತ್ತೆ ಅಂತ. ಬುಡ ಸಪಾಟಾಗಿದ್ರೆ ಅದು ಯಾವತ್ತಾದ್ರೂ ನಿಲ್ಲುತ್ತೆ, ನಮ್ಮನೇದು ಮಂಗಳವಾರ ಮಧ್ಯಾಹ್ನನೂ ನಿಂತಿತ್ತು. ಆದ್ರೆ ನೀವು ಸ್ಟಡಿ ಮಾಡೋಕೆ ಹೋಗಿರೋದು ಒನಕೆಯನ್ನಲ್ಲ, ಅದರ ಸುತ್ತ ನಿಂತಿರೋ ಜನಾನ, ಅವಾಗ್ಲೇ ಬುದ್ಧಿ ಹೇಳೋಕೆ ಹೋಗ್ಬೇಡಿ.

ನಿಮ್ಮ ಜಾತಿ ನಿಮ್ಮ ಬೀದಿ ಅಂತ ಅಲ್ಲೇ ಸುತ್ತಬೇಡಿ. ನಮ್ಮ ಹಿಂದಿನ ಮೊಹಲ್ಲಾದಲ್ಲಿ ಗ್ರಹಣ ಅಂದ್ರೆ ಬಾಗಿಲು ಹಾಕೋದಲ್ಲ, ಮಸೀದೀಲಿ ಗ್ರಹಣದ ನಮಾಜು ಅಂತಲೇ ಇದೆ, ಜನ ಸೇರ್ತಾರೆ. ಒಂದೇ ಚಂದ್ರ, ಒಂದು ಬೀದಿ ಒಳಗೆ ಹೋಯ್ತು, ಇನ್ನೊಂದು ಬೀದಿ ಹೊರಗೆ ಬಂತು. 2019ರ ಗ್ರಹಣದಲ್ಲಿ ಕಲಬುರಗಿ ಹತ್ರ ತಾಜ್‌ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನ ವಾಸಿ ಆಗ್ಲಿ ಅಂತ ಕುತ್ತಿಗೆವರೆಗೂ ಮಣ್ಣಲ್ಲಿ ಹೂತಿದ್ದು ದೊಡ್ಡ ಸುದ್ದಿ ಆಯ್ತು. ಟೀವೀಲಿ ಮೂಢನಂಬಿಕೆ ಅಂತ ಒಂದೇ ಪದದಲ್ಲಿ ಮುಗಿಸಿದ್ರು. ಅದು ತಪ್ಪು, ಮಕ್ಕಳಿಗೆ ಹಿಂಸೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಸ್ಟಡಿ ಮಾಡೋರಾದ್ರೆ ಆ ಪದ ಬರೆದ ಜಾಗದಲ್ಲಿ ನಿಲ್ಲಿಸೋ ಹಾಗಿಲ್ಲ. ಆ ಅಪ್ಪ ಅಮ್ಮ ಅದಕ್ಕೆ ಮುಂಚೆ ಮಗೂನ ಎಲ್ಲೆಲ್ಲಿ ಹೊತ್ಕೊಂಡು ಹೋಗಿದ್ರು, ಯಾವ ಬಾಗಿಲಲ್ಲಿ ಏನು ಉತ್ತರ ಸಿಕ್ತು ಅಂತ ಕೇಳೋದರಿಂದ ನಿಮ್ಮ ಕೆಲಸ ಶುರು.

ವಯಸ್ಸಾದವರ ಹತ್ರ ಹಳೇದು ಕೇಳೋದು

"ನಿಮ್ಮ ಕಾಲದಲ್ಲಿ ಹೇಗಿತ್ತಜ್ಜಿ" ಅಂದ್ರೆ ಎಲ್ರೂ ಚೆನ್ನಾಗಿತ್ತು ಅಂತಾರೆ, ಮುಗೀತು. ಒಂದು ತಾರೀಖಿಗೆ ಗಂಟು ಹಾಕಿ ಕೇಳಿ. 1980ರ ಫೆಬ್ರವರಿ 16 ಇದಕ್ಕೆ ಹೇಳಿ ಮಾಡಿಸಿದ್ದು, ಅವತ್ತು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಅಂಕೋಲಾ ಕಡೆಯಿಂದ ಒಳಗೆ ಬಂದು ಉತ್ತರ ಕರ್ನಾಟಕ ದಾಟಿ ರಾಯಚೂರು ಮೇಲೆ ಆಂಧ್ರಕ್ಕೆ ಹೋಯ್ತು. ಹುಬ್ಬಳ್ಳಿ ಹತ್ರ ಹೊಸೂರು, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ಕ್ಯಾಂಪ್ ಹಾಕಿದ್ರು. ಆ ಕಡೆಯ ಯಾರಾದ್ರೂ ಅರವತ್ತು ದಾಟಿದವರು ಸಿಕ್ರೆ ಬಿಡ್ಬೇಡಿ. ಅವತ್ತು ಮಧ್ಯಾಹ್ನ ಎಲ್ಲಿದ್ರಿ, ಬಾಗಿಲು ಹಾಕಿದ್ದು ಯಾರು, ದನ ಎಲ್ಲಿತ್ತು, ಕಿಟಕಿ ಸಂದಿಯಲ್ಲಿ ಬಗ್ಗಿ ನೋಡಿ ಬೈಸ್ಕೊಂಡಿದ್ದು ಯಾರು. ದನದ ಪ್ರಶ್ನೆ ಮಾತ್ರ ಮರೀಬೇಡಿ, ಮನುಷ್ಯರ ಬಗ್ಗೆ ಮಾತಾಡೋಕೆ ಹಿಂಜರಿಯೋರೂ ದನದ ಬಗ್ಗೆ ಅರ್ಧ ಗಂಟೆ ಮಾತಾಡ್ತಾರೆ.

ಅದೇ ಭಾಗದಲ್ಲಿ ಇನ್ನೊಂದು ನಿಧಿ ಇದೆ. 1975ರ ಆಗಸ್ಟಿಂದ 1976ರ ಜುಲೈವರೆಗೆ ಒಂದು ವರ್ಷ ಅಮೆರಿಕದ ಸ್ಯಾಟಲೈಟ್ ಎರವಲು ತಗೊಂಡು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗೆ ನೇರವಾಗಿ ಟೀವಿ ತೋರ್ಸಿದ್ರು, ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಕೋಳಿಗೂಡಿಗೆ ಹಾಕೋ ಜಾಲರಿ ಥರದ ತಂತಿಬಲೆಯ ದೊಡ್ಡ ಡಿಶ್ಶು, ಸ್ಕೂಲಲ್ಲೋ ಪಂಚಾಯ್ತೀಲೋ ಒಂದು ಟೀವಿ, ಮುಂದೆ ಇಡೀ ಊರು. ಇಸ್ರೋ ಬರೀ ಇಂಜಿನಿಯರುಗಳನ್ನ ನಂಬ್ಕೊಂಡು ಕೂರಲಿಲ್ಲ, ಸಮಾಜ ವಿಜ್ಞಾನದವರನ್ನೂ ಹಳ್ಳಿಗಳಲ್ಲಿ ಉಳಿಸಿ ಜನ ಏನು ಮಾಡ್ತಾರೆ ಅಂತ ಬರೆಸಿತ್ತು. ಅಂದ್ರೆ ನೀವು ಈಗ ಮಾಡೋಕೆ ಹೊರಟಿರೋ ಕೆಲಸವನ್ನ ಐವತ್ತು ವರ್ಷದ ಹಿಂದೆ ರಾಯಚೂರು ಸೀಮೇಲಿ ಮಾಡಿದಾರೆ. ಆ ಊರಿನವರು ಯಾರಾದ್ರೂ ಗೊತ್ತಿದ್ರೆ ಟೀವಿ ಮುಂದೆ ಯಾರು ಎಲ್ಲಿ ಕೂರ್ತಿದ್ರು ಅಂತ ನೆಲದ ಮೇಲೆ ಗೆರೆ ಎಳೆಸಿ. ಹೆಂಗಸರು ಎಲ್ಲಿ, ಯಾವ ಕೇರಿಯವರು ಹಿಂದೆ, ಒಳಗೆ ಬರದೆ ಬಾಗಿಲಲ್ಲೇ ನಿಂತು ನೋಡಿದ್ದು ಯಾರು. ಸಿಗ್ನಲ್ ಆಕಾಶದಿಂದ ಎಲ್ರಿಗೂ ಒಂದೇ ಥರ ಬರುತ್ತೆ, ಕೂರೋ ಜಾಗ ಮಾತ್ರ ಊರೇ ಹಂಚುತ್ತೆ.

ಗ್ರಹಣ ಇಲ್ಲದ ದಿನಕ್ಕೆ

ಗ್ರಹಣ ದಿನಾ ಬರಲ್ಲ, ಮಳೆ ನಕ್ಷತ್ರ ಇದೆಯಲ್ಲ. ಊರ ಕಡೆ ಹೋದಾಗ ರೈತರಿಗೆ "ಮಾನ್ಸೂನ್ ಹೇಗಿದೆ" ಅನ್ಬೇಡಿ, "ಈಗ ಯಾವ ಮಳೆ ಹುಟ್ಟಿದೆ" ಅಂತ ಕೇಳಿ, ಮುಖ ನೋಡೋ ರೀತೀನೇ ಬದಲಾಗುತ್ತೆ. ಸೂರ್ಯ 27 ನಕ್ಷತ್ರ ಸುತ್ತೋಕೆ ಒಂದು ವರ್ಷ, ಹಾಗಾಗಿ ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಮೇ ಕೊನೆಗೆ ರೋಹಿಣಿ, ಜೂನ್ 8ರ ಆಸುಪಾಸು ಮೃಗಶಿರ, 22ರ ಹೊತ್ತಿಗೆ ಆರಿದ್ರಾ, ಹೀಗೆ ನವೆಂಬರ್ ವಿಶಾಖದವರೆಗೂ. ಒಂದೊಂದಕ್ಕೂ ಮಾತು ಇದೆ: ಆರಿದ್ರಾ ಮಳೆ ಆರದೆ ಹುಯ್ಯುತ್ತೆ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು, ಸ್ವಾತಿ ಮಳೆಗೆ ಮುತ್ತಿನ ಬೆಳೆ. ಮಜಾ ಏನಂದ್ರೆ ಆರಿದ್ರಾ ಮಳೆ ನಡೀವಾಗ ಆರಿದ್ರಾ ನಕ್ಷತ್ರ ಯಾರಿಗೂ ಕಾಣಲ್ಲ, ಸೂರ್ಯ ಅದರ ಕಡೆಗೇ ಬಂದು ಕೂತಿರ್ತಾನೆ, ಹಗಲಲ್ಲಿ ಮುಳುಗಿ ಹೋಗಿರುತ್ತೆ. ಕಣ್ಣಿಗೆ ಕಾಣದ ನಕ್ಷತ್ರದ ಹೆಸರಲ್ಲಿ ಇಡೀ ಸೀಮೆ ಬಿತ್ತನೆ ಮಾಡುತ್ತೆ. ಇಲ್ಲಿ ನೀವು ಮಾಡ್ಬೇಕಾದ್ದು: ಒಬ್ಬರೇ ರೈತರನ್ನ ಹಿಡ್ಕೊಂಡು ರೋಹಿಣಿಯಿಂದ ಆರಿದ್ರಾವರೆಗೆ ಎರಡು ದಿನಕ್ಕೊಂದ್ಸಲ ಫೋನ್ ಮಾಡಿ ಇವತ್ತು ಬಿತ್ತಬೇಕು ಅಂತ ಹೇಗೆ ಡಿಸೈಡ್ ಮಾಡಿದ್ರಿ ಅಂತ ಕೇಳೋದು. ಪಂಚಾಂಗ, ಮೊಬೈಲ್ ಆ್ಯಪ್, ಮಣ್ಣು ಹಿಸುಕಿ ನೋಡೋದು, ಪಕ್ಕದ ಹೊಲದವರು ಬಿತ್ತಿದ್ರು ಅನ್ನೋದು, ಟ್ರ್ಯಾಕ್ಟರ್ ಬಾಡಿಗೆಗೆ ಸಿಕ್ಕಿದ್ದು ಅವತ್ತೇ ಅನ್ನೋದು, ಎಲ್ಲಾ ಕಲಸಿರುತ್ತೆ. ಟ್ರ್ಯಾಕ್ಟರ್ ಕೊನೇಲಿ ಬರುತ್ತೆ, ಆದ್ರೆ ಬಹಳ ಸಲ ಅದೇ ಗೆಲ್ಲುತ್ತೆ.

ಮದುವೆ ಸೀಸನ್ನಲ್ಲಿ ಅರುಂಧತಿ ದರ್ಶನ ಮಿಸ್ ಮಾಡ್ಬೇಡಿ. ಮಧ್ಯಾಹ್ನ ಹನ್ನೆರಡಕ್ಕೆ, ಛತ್ರದ ಪೋರ್ಟಿಕೋದಲ್ಲಿ, ಫೋಟೋಗ್ರಾಫರ್ "ಸಾರ್ ಇನ್ನೊಂಚೂರು ಮೇಲೆ ತೋರ್ಸಿ" ಅಂತಾನೆ, ವರ ಶಾಮಿಯಾನದ ಕಡೆ ಬೆರಳು ಮಾಡ್ತಾನೆ, ವಧು ಕಾಣಿಸ್ತು ಅಂತಾಳೆ. ಆಮೇಲೆ ಯಾವತ್ತಾದ್ರೂ ಆ ಜೋಡಿನ, ರಾತ್ರಿ ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕ ನಿಜವಾದ ಅರುಂಧತಿ ನೋಡಿದೀರಾ ಅಂತ ಕೇಳಿ, ಅಷ್ಟೇ, ಜಾಸ್ತಿ ಬೇಡ.

ಇನ್ನು ರಾಕೆಟ್ಟು. 2023ರ ಆಗಸ್ಟ್ 23ರ ಸಂಜೆ 6:04ಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ನೀವು ಎಲ್ಲಿದ್ರಿ ಅಂತ ಕೇಳಿದ್ರೆ ಯಾರೂ ಮರ್ತಿರಲ್ಲ. ಮುಂದಿನ ಪ್ರಶ್ನೆ, ದೇವರಿಗೆ ಏನಾದ್ರೂ ಹೇಳ್ಕೊಂಡ್ರಾ? ಇಸ್ರೋ ಅಧ್ಯಕ್ಷರು ಉಡಾವಣೆಗೆ ಮುಂಚೆ ತಿರುಮಲಕ್ಕೆ ಹೋಗೋದನ್ನ ಇಟ್ಕೊಂಡು ವಿಜ್ಞಾನ ವರ್ಸಸ್ ದೇವರು ಅಂತ ಜಗಳ ಆಡೋರು ಆಡ್ಲಿ, ನೀವು ಮಾಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞ ನೋಡಿದ್ದನ್ನ ನೆನಪಿಟ್ಕೊಳ್ಳಿ. ನೂರು ವರ್ಷದ ಹಿಂದೆ ಈಗಿನ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಅವನು ಕಂಡದ್ದು: ಒಳಗಿನ ಶಾಂತ ನೀರಲ್ಲಿ ಮೀನು ಹಿಡಿಯೋಕೆ ಮಂತ್ರ ಇಲ್ಲ, ಅಲ್ಲಿ ಮೀನು ಗ್ಯಾರಂಟಿ. ಹೊರಗಿನ ಸಮುದ್ರಕ್ಕೆ ಹೋಗುವಾಗ ಮಾತ್ರ ಮಂತ್ರ, ಅಲ್ಲಿ ಗ್ಯಾರಂಟಿ ಇಲ್ಲ. ಮಂತ್ರ ಹೇಳೋರಿಗೆ ದೋಣಿ ಕಟ್ಟೋ ವಿದ್ಯೆನೂ ಪಕ್ಕಾ ಗೊತ್ತಿತ್ತು. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಕೊನೇ ಕ್ಷಣದಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕೈತಪ್ಪಿದ್ದನ್ನ ನೋಡಿದ ಮೇಲೆ ಚಂದ್ರ ಯಾವ ಕಡೆಯ ನೀರು ಅಂತ ನಿಮಗೇ ಗೊತ್ತು. ಬೆಂಗಳೂರು ಹತ್ರ ಇರೋರಿಗೆ ಇನ್ನೊಂದು ಐಡಿಯಾ, ಚಂದ್ರಯಾನದ ಜೊತೆ ಮಾತಾಡೋ 32 ಮೀಟರ್ ಆ್ಯಂಟೆನಾ ಬ್ಯಾಲಾಳು ಅನ್ನೋ ಹಳ್ಳಿ ಪಕ್ಕದಲ್ಲಿದೆ. ಕ್ಯಾಂಪಸ್ ಒಳಗೆ ಬಿಡಲ್ಲ, ಪರ್ವಾಗಿಲ್ಲ, ಹೊರಗಿನ ಟೀ ಅಂಗಡೀಲಿ ಕೂತ್ಕೊಳ್ಳಿ.

ಬರ್ಕೊಳ್ಳೋದು

ಅವತ್ತಿನದು ಅವತ್ತೇ ಬರೀರಿ, ಅವರ ಮಾತು ಅವರ ಮಾತಲ್ಲೇ ಬರೀರಿ, "ಮಾಹಿತಿದಾರರು ಹಿಂಜರಿಕೆ ವ್ಯಕ್ತಪಡಿಸಿದರು" ಅಂತ ಪುಸ್ತಕದ ಭಾಷೆಗೆ ತಿರುಗಿಸಿದ್ರೆ ಆಮೇಲೆ ನಿಮಗೇ ಅರ್ಥ ಆಗಲ್ಲ. ಹೆಸರು ಬರೀಬೇಡಿ. ಕಾಪಿ ಎರಡು ಇಡಿ, ಒಂದು ಬೇರೆ ಕಡೆ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ರದ ಹಳ್ಳೀಲಿ ಇದ್ದು ಮಾಡಿದ್ದ ನೋಟ್ಸನ್ನ ವರ್ಷಗಟ್ಟಲೆ ಕೂತು ಜೋಡಿಸಿ ಇಟ್ಟಿದ್ರು, 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಯಾರೋ ಬೆಂಕಿ ಹಚ್ಚಿದಾಗ ಜೋಡಿಸಿದ್ದ ಕಾಪಿಗಳೆಲ್ಲಾ ಸುಟ್ಟು ಹೋದವು, ಆಮೇಲೆ ನೆನಪಿಂದ್ಲೇ ಪುಸ್ತಕ ಬರೆದ್ರು. ಅವರಿಗಿದ್ದ ನೆನಪು ನಮಗಿಲ್ಲ, ವಾಟ್ಸಾಪಲ್ಲಿ ನಿಮಗೇ ನೀವು ಫೋಟೋ ಕಳಿಸ್ಕೊಳ್ಳಿ.

ಪ್ರಾಕ್ಟೀಸ್ ಮಾಡೋಕೆ ಡೇಟ್ ಬೇಕಾ? 2027ರ ಆಗಸ್ಟ್ 2, ಸೋಮವಾರ. ಈಜಿಪ್ಟ್ ಕಡೆ ಪೂರ್ಣ ಸೂರ್ಯಗ್ರಹಣ, ನಮ್ಮಲ್ಲಿ ಸಂಜೆ ಹೊತ್ತು ಪಾರ್ಶ್ವ. ನೋಡೋದಾದ್ರೆ ಗ್ರಹಣದ ಕನ್ನಡಕ ಹಾಕ್ಕೊಂಡೇ ನೋಡಿ, ಎಕ್ಸ್‌ರೇ ಶೀಟ್ ಎಲ್ಲ ಬೇಡ. ಸಂಜೆ ಗ್ರಹಣ ಅಂದ್ರೆ ಹನ್ನೆರಡು ಗಂಟೆ ವೇಧೆ ಲೆಕ್ಕದಲ್ಲಿ ಬೆಳಗ್ಗಿಂದ್ಲೇ ಊಟ ತಿಂಡಿ ಬಂದ್. ಅವತ್ತೇ ಆಷಾಢದ ಅಮಾವಾಸ್ಯೆ, ಅಂದ್ರೆ ಭೀಮನ ಅಮಾವಾಸ್ಯೆ. ಗಂಡನ ಪಾದಪೂಜೆ ಇದೆ, ಕಡುಬು ಇದೆ, ತಿನ್ನೋ ಹಾಗಿಲ್ಲ. ನಮ್ಮತ್ತೆಗೆ ಈಗ್ಲೇ ಹೇಳಿದೀನಿ, ಕ್ಯಾಲೆಂಡರ್ ಇನ್ನೂ ಬಂದಿಲ್ಲ ಬರ್ಲಿ ನೋಡೋಣ ಅಂದ್ರು, ಆದ್ರೆ ರಾತ್ರಿ ಊಟಕ್ಕೆ ಕೂತಾಗ "ಪೂಜೆ ಬೆಳಗಿನ ಜಾವ ನಾಲ್ಕಕ್ಕೇ ಮುಗಿಸ್ಬಿಟ್ರೆ?" ಅಂತ ತಾವೇ ಕೇಳಿದ್ರು. ಟೈಮ್ ಹಾಕಿ ಬರ್ಕೊಂಡಿದೀನಿ.